ವಾರ್ಡ್ ಕಾಮಗಾರಿಯ ಲೆಕ್ಕ ಕೇಳುವುದು ಹೇಗೆ?
ಬೆಂಗಳೂರಿನ ನಿಮ್ಮ ಬೀದಿಯ ಚರಂಡಿಗೆ ಎಷ್ಟು ಬಿಲ್ ಆಯಿತು, ದುಡಿದವರಿಗೆ ಪಿಎಫ್ ಕಟ್ಟಿದರೇ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಮೀರಿದರೆ ವಾಪಸ್ ಕಳಿಸಲು ನೆಪ ಸಿಗುತ್ತದೆ.

‘ಕೆಲಸ ಯಾಕೆ ಕಳಪೆ?’ ಎಂದು ಬರೆಯಬೇಡಿ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. ಕಾಮಗಾರಿಯ ಹೆಸರು, ವರ್ಷ ನಮೂದಿಸಿ ಕಾರ್ಯಾದೇಶ, ಪಾವತಿಯಾದ ಬಿಲ್, ಕಾರ್ಮಿಕರ ಪಿಎಫ್–ಇಎಸ್‌ಐ (ಭವಿಷ್ಯ ನಿಧಿ, ಆರೋಗ್ಯ ವಿಮೆ) ಹಣ ಕಟ್ಟಿದ ಚಲನ್, ಅಳತೆ ಪುಸ್ತಕದ ಪುಟಗಳ ದೃಢೀಕೃತ ಪ್ರತಿ ಕೇಳಿ. ಈ ಅಳತೆ ಪುಸ್ತಕವೇ ಜೀವಾಳ. ಅದರಲ್ಲಿ ಬರೆದ ಉದ್ದ, ಅಗಲವನ್ನು ಟೇಪ್ ಹಿಡಿದು ಸ್ಥಳದಲ್ಲೇ ತಾಳೆ ನೋಡಿ.

ಸ್ವೀಕೃತಿ ಮುದ್ರೆ ಮರೆಯಬೇಡಿ, ದಿನದ ಲೆಕ್ಕಕ್ಕೆ ಅದೇ ಆಧಾರ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಆ ಅಧಿಕಾರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ.