ದಾರಿಯ ಒಂದು ಮರ ನಿಮ್ಮದಾಗಲಿ

ವಸಂತ ಬಂತೆಂದರೆ ನಾನು ಮೊದಲು ಒಂದು ಮರ ಆರಿಸಿಕೊಳ್ಳುತ್ತೇನೆ. ನೀವೂ ಆರಿಸಿಕೊಳ್ಳಿ. ದಿನಾ ಬಸ್ಸಿಗೆ ಹೋಗುವ ದಾರಿಯಲ್ಲೇ ಇರಲಿ. ಸುತ್ತು ಹಾಕಿ ಹೋಗಬೇಕಾದರೆ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಕಣ್ಣಿನ ಎತ್ತರದ ಒಂದು ಕೊಂಬೆ ಗುರುತಿಟ್ಟುಕೊಂಡು, ದಿನಕ್ಕೆ ಒಂದೇ ನಿಮಿಷ ಅದರ ಮುಂದೆ ಸುಮ್ನೆ ನಿಲ್ಲಿ. ಮೊಗ್ಗು ಮೊದಲು ಉಬ್ಬುತ್ತದೆ, ಆಮೇಲೆ ತುದಿ ಬಿರಿಯುತ್ತದೆ. ಕೆಲವು ಮರಗಳ ಚಿಗುರು ಹಸಿರಲ್ಲ, ತಾಮ್ರದ ಕೆಂಪು. ಆಂಥೋಸಯಾನಿನ್ ಎಂಬ ಬಣ್ಣ ಅದಕ್ಕೆ ಕಾರಣ. ಎಲೆ ಬಲಿತಂತೆ ಹಸಿರಾಗುತ್ತದೆ. ಈ ಬದಲಾವಣೆಯನ್ನು ಒಂದೇ ಎಲೆಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿ. ನನಗೆ ಇದಕ್ಕಿಂತ ದೊಡ್ಡ ಖುಷಿ ಇಲ್ಲ.

ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಕಿಟಕಿ ತೆರೆಯಿರಿ. ಗಾಡಿಗಳ ಸದ್ದು ಇನ್ನೂ ಕಡಿಮೆ. ಹಕ್ಕಿಗಳು ಜಾಸ್ತಿ ಹಾಡುವುದೂ ಆಗಲೇ. ಜೊತೆ ಹುಡುಕಲು, ಈ ಜಾಗ ನನ್ನದು ಎನ್ನಲು. ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಕಣ್ಣು ಮುಚ್ಚಿ, ಎಷ್ಟು ಬಗೆಯ ದನಿ ಇದೆ ಎಂದು ಬೆರಳಲ್ಲಿ ಎಣಿಸಿ. ನನಗೆ ಮೊದಲು ಮೂರೇ ಕೇಳಿದ್ದವು, ವಾರದಲ್ಲಿ ಐದಾದವು. ಕಿವಿಯೂ ಪಳಗಬೇಕಲ್ವಾ.

ಸಂಜೆ ಬೆಳಕು ಹೆಚ್ಚು ಹೊತ್ತು ಇರುತ್ತದೆ. ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ. ಉದುರಿದ ಹೂ ಸಿಕ್ಕರೆ ಮನೆಗೆ ತಂದು ಬಟ್ಟಲ ನೀರಿನಲ್ಲಿ ತೇಲಿಬಿಡಿ. ಗಿಡದಿಂದ ಮಾತ್ರ ಕೀಳಬೇಡಿ.