19 ಶಾಖೆ, ಎರಡೆರಡು ಅಗ್ಗದ ಲೈನ್: ಮಲೆನಾಡಿನಲ್ಲಿ ಎಸ್‌ಡಿ-ವ್ಯಾನ್ ಮಾಡಿದ ನನ್ನ ಅನುಭವ

ಕಳೆದ ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ರಿಪ್ಪನ್‌ಪೇಟೆ ಕಡೆಯ ನಮ್ಮ ಒಂದು ಶಾಖೆಯಲ್ಲಿ ಎರಡೂವರೆ ದಿನ ಫೈಬರ್ ಇರಲಿಲ್ಲ. ಮ್ಯಾನೇಜರ್‌ಗೆ ಅದು ಗೊತ್ತೇ ಆಗಲಿಲ್ಲ, ಕೆಲಸ ತಾನಾಗಿ 4ಜಿ ಸಿಮ್ ಮೇಲೆ ನಡೆದಿತ್ತು. ಮೂರನೇ ದಿನ ಅವರು ಫೋನ್ ಮಾಡಿದ್ದು ಪಾಸ್‌ಬುಕ್ ಪ್ರಿಂಟರ್‌ಗೆ ರಿಬ್ಬನ್ ಬೇಕೆಂದು. "ಲೈನ್ ಸರಿ ಇದೆಯಾ?" ಎಂದು ಕೇಳಿದೆ. "ಇದೆಯಲ್ಲ ಸಾರ್, ಯಾಕೆ?" ಎಂದರು. ಎರಡು ಮಳೆಗಾಲ ನಾನು ಕಾದಿದ್ದು ಈ ಮಾತಿಗೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಎಸ್‌ಡಿ-ವ್ಯಾನ್ ಎಂದರೆ ದೂರದ ಶಾಖೆಗಳನ್ನು ಒಂದಕ್ಕಿಂತ ಹೆಚ್ಚು ಲೈನ್ ಮೇಲೆ ಜೋಡಿಸಿ, ಯಾವ ಕೆಲಸ ಯಾವ ಲೈನ್ ಮೇಲೆ ಹೋಗಬೇಕೆಂದು ಸಾಫ್ಟ್‌ವೇರೇ ತೀರ್ಮಾನಿಸುವ ಜಾಲ.

ನಮ್ಮದು ಪತ್ತಿನ ಸಹಕಾರಿ. ಕೇಂದ್ರ ಕಚೇರಿ ಸಾಗರದಲ್ಲಿ. ಹೊಸನಗರ, ತೀರ್ಥಹಳ್ಳಿ, ಸೊರಬ, ಸಿದ್ದಾಪುರ, ಶಿರಸಿ, ಕೊಪ್ಪ ಹೀಗೆ ಸುತ್ತಮುತ್ತ 19 ಶಾಖೆ. ನೆಟ್‌ವರ್ಕ್ ನೋಡಿಕೊಳ್ಳುವುದು ನಾನು ಮತ್ತು ಒಬ್ಬ ಹುಡುಗ, ಅಷ್ಟೇ. ಮೊದಲು ಎಲ್ಲ ಶಾಖೆಗೂ 2 ಎಂಬಿಪಿಎಸ್ ಎಂಪಿಎಲ್‌ಎಸ್ (ಟೆಲಿಕಾಂ ಕಂಪನಿ ಕೊಡುವ ಖಾಸಗಿ ಲೈನ್) ಇತ್ತು. ಶಾಖೆಗೆ ತಿಂಗಳಿಗೆ ಹೆಚ್ಚುಕಡಿಮೆ 11,000, ಜಿಎಸ್‌ಟಿ ಬೇರೆ. ಒಟ್ಟು 2 ಲಕ್ಷ ದಾಟುತ್ತಿತ್ತು. ಅಷ್ಟು ಕೊಟ್ಟರೂ ಲೈನ್ ಬಿದ್ದರೆ ಒಂದು ದಿನ, ಎರಡು ದಿನ ಕಾಯಬೇಕು. ಅಡಿಕೆ ದುಡ್ಡು ತೆಗೆಯಲು ಬಸ್ಸಿನಲ್ಲಿ ಬಂದ ಸದಸ್ಯರು ಸಂಜೆವರೆಗೆ ಬೆಂಚಿನ ಮೇಲೆ ಕೂತು ವಾಪಸ್ ಹೋಗುತ್ತಿದ್ದರು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಪ್ರತಿ ಶಾಖೆಗೂ ಒಂದು ಮನೆ ಫೈಬರ್, ಒಂದು 4ಜಿ ಸಿಮ್ ಹಾಕಿ ನಾವೇ ಎಸ್‌ಡಿ-ವ್ಯಾನ್ ಕಟ್ಟೋಣ ಎಂದಾಗ ಮೀಟಿಂಗ್‌ನಲ್ಲಿ ಯಾರೂ ಒಪ್ಪಲಿಲ್ಲ. "ಮನೆ ಇಂಟರ್‌ನೆಟ್ ಮೇಲೆ ಬ್ಯಾಂಕ್ ಸಾಫ್ಟ್‌ವೇರ್ ಓಡಿಸ್ತೀರಾ ಮಾರಾಯ್ರೆ?" ಎಂದು ಒಬ್ಬ ನಿರ್ದೇಶಕರು ಕೇಳಿದರು. ರೆಡಿಮೇಡ್ ಮಾಡಿಕೊಡುವ ಒಂದು ಕಂಪನಿಯಿಂದ ಕೊಟೇಶನ್ ತರಿಸಿದೆವು. ಲೈಸೆನ್ಸ್ ಸೇರಿ ಮೂರು ವರ್ಷಕ್ಕೆ 27–28 ಲಕ್ಷ. ಲೈನ್‌ಗಳ ಖರ್ಚು ಅದರಲ್ಲಿ ಇಲ್ಲ. ಅದನ್ನು ನೋಡಿದ ಮೇಲೆ ಅಧ್ಯಕ್ಷರು, "ಮೂರು ಶಾಖೆಯಲ್ಲಿ ಮಾಡಿ ತೋರಿಸಿ, ಆಮೇಲೆ ಮಾತಾಡೋಣ" ಎಂದರು.

ಪ್ರತಿ ಶಾಖೆಗೆ ಓಪನ್‌ವರ್ಟ್ (ರೌಟರ್‌ಗೆ ಹಾಕುವ ಉಚಿತ ಸಾಫ್ಟ್‌ವೇರ್) ಹಾಕಿದ ಸಣ್ಣ ಬಾಕ್ಸ್, ಅದರಿಂದ ವೈರ್‌ಗಾರ್ಡ್ ಟನಲ್ (ಇಂಟರ್‌ನೆಟ್ ಒಳಗೇ ಬೇರೆಯವರು ಓದಲಾಗದ ಖಾಸಗಿ ದಾರಿ). ಇದರ ವಿವರಕ್ಕೆ ಹೋಗುವುದಿಲ್ಲ. 4ಜಿ ಕಡೆ ಸಿಜಿನ್ಯಾಟ್ (ಹಲವು ಗ್ರಾಹಕರಿಗೆ ಒಂದೇ ಹೊರವಿಳಾಸ) ಇರುವುದರಿಂದ ಶಾಖೆಯ ಬಾಕ್ಸೇ ಮೊದಲು ಸಂಪರ್ಕ ಶುರು ಮಾಡಬೇಕು, ದಾರಿ ತೆರೆದಿಡುವ ಕೀಪ್‌ಅಲೈವ್ ಸಂದೇಶ 25 ಸೆಕೆಂಡಿಗೊಮ್ಮೆ. ಅಲ್ಲಿಯವರೆಗೆ ಎಲ್ಲ ಸಲೀಸು.

ಮೊದಲ ಪೆಟ್ಟು ಎಂಟಿಯು ಇಂದ, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿಯಿಂದ ಬಿತ್ತು. ಪಿಂಗ್ (ಲೈನ್ ಪರೀಕ್ಷಿಸುವ ಸಣ್ಣ ಪ್ಯಾಕೆಟ್) ಹೋಗುತ್ತದೆ, ಲಾಗಿನ್ ಪುಟ ತೆರೆಯುತ್ತದೆ. ದಿನದ ಕೊನೆಯ ವರದಿ ತೆಗೆದರೆ ಮಾತ್ರ ಪರದೆ ಬೆಳ್ಳಗೆ ನಿಲ್ಲುತ್ತದೆ. ಅದೂ ಫೈಬರ್ ಮೇಲೆ ಅಲ್ಲ, 4ಜಿಗೆ ಹೋದಾಗ ಮಾತ್ರ. ಎಂಟು ದಿನ ಸಾಫ್ಟ್‌ವೇರ್‌ನವರನ್ನು ಸುಮ್ನೆ ಬೈದೆ, ತಪ್ಪು ಅವರದ್ದಾಗಿರಲಿಲ್ಲ. ವೈರ್‌ಗಾರ್ಡ್ ಮಿತಿಯನ್ನು 1420 ಬೈಟ್ ಇಟ್ಟುಕೊಂಡಿತ್ತು. ಐಪಿವಿ4 (ಇಂಟರ್‌ನೆಟ್‌ನ ಹಳೆಯ ವಿಳಾಸ ಪದ್ಧತಿ) ಮೇಲೆ ಅದರ ಹೊರೆ 60 ಬೈಟ್. ಪಿಪಿಪಿಒಇ (ಫೈಬರ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಲೈನಿನ 1492ರಲ್ಲಿ ಅದು ಹಿಡಿಸುತ್ತದೆ. ಮೊಬೈಲ್ ಜಾಲದ ಒಳಗೆ ಅದೇ ಪ್ಯಾಕೆಟ್ ಹೊಸ ಪದ್ಧತಿಯಾದ ಐಪಿವಿ6ಗೆ ತಿರುಗಿದರೆ ಇನ್ನೂ 20 ಬೈಟ್ ಸೇರುತ್ತದೆ. ಅಲ್ಲಿ ದೊಡ್ಡ ಪ್ಯಾಕೆಟ್ ಸದ್ದಿಲ್ಲದೆ ಬಿದ್ದು ಹೋಗುತ್ತಿತ್ತು. ಎಲ್ಲ ಟನಲ್‌ಗೂ 1340 ಕೊಟ್ಟು ಎಂಎಸ್‌ಎಸ್ ಕ್ಲ್ಯಾಂಪ್ ಮಾಡಿದೆ, ಅಂದರೆ ಎರಡೂ ಕಡೆಯ ಯಂತ್ರಗಳು ಅದಕ್ಕೆ ಹಿಡಿಸದ ಪ್ಯಾಕೆಟ್ ಕಳಿಸದಂತೆ ಕಟ್ಟಿದೆ. ಆ ತೊಂದರೆ ಮತ್ತೆ ಬಂದಿಲ್ಲ.

ಎರಡನೇ ಪೆಟ್ಟು ದೊಡ್ಡದು. ತೀರ್ಥಹಳ್ಳಿ ಕಡೆಯ ಒಂದು ಶಾಖೆಯಲ್ಲಿ 4ಜಿ ಸರಿ ಇಲ್ಲ ಎಂದು ಎರಡು ಬೇರೆ ಬೇರೆ ಕಂಪನಿಯ ಫೈಬರ್ ಹಾಕಿಸಿದ್ದೆ. ಜೂನ್‌ನಲ್ಲಿ ಒಂದು ಹಲಸಿನ ಮರ ಬಿತ್ತು, ಎರಡೂ ಲೈನ್ ಒಟ್ಟಿಗೆ ಹೋದವು. ಹೋಗಿ ನೋಡಿದರೆ ಎರಡೂ ಕೇಬಲ್ ಒಂದೇ ವಿದ್ಯುತ್ ಕಂಬದ ಮೇಲೆ, ಒಂದೇ ಕಟ್ಟಿನಲ್ಲಿ ಬಂದಿದ್ದವು. ಬಿಲ್ ಎರಡು, ದಾರಿ ಒಂದೇ! ಆ ಸೋಮವಾರ ಶಾಖೆ ಇಡೀ ದಿನ ಬಂದ್. ಮೀಟಿಂಗ್‌ನಲ್ಲಿ ನನಗೆ ಚೆನ್ನಾಗಿ ಬಿತ್ತು.

ಆಮೇಲೆ ನಾನು ಮಾಡಿದ ಕೆಲಸ ಯಾವ ಕೈಪಿಡಿಯಲ್ಲೂ ಇಲ್ಲ. 19 ಶಾಖೆಗಳಿಗೂ ಬೈಕಿನಲ್ಲಿ ಹೋದೆ. ಪ್ರತಿ ಫೈಬರ್ ಶಾಖೆಯಿಂದ ಹೊರಟು ಯಾವ ಕಂಬ, ಯಾವ ಮೋರಿ, ಯಾವ ಜಂಕ್ಷನ್ ಬಾಕ್ಸ್ ಎಂದು ಕಣ್ಣಾರೆ ನೋಡಿ ಬರೆದುಕೊಂಡೆ. ರಸ್ತೆ ಅಗಲ ಮಾಡುವ ಕೆಲಸ ಎಲ್ಲಿ ಬರಲಿದೆ ಎಂದು ಪಂಚಾಯಿತಿಯಲ್ಲೂ ಕೇಳಿದೆ. ಹದಿನೈದು ದಿನ ಹಿಡಿಯಿತು, ಪೆಟ್ರೋಲಿಗೆ ನಾಲ್ಕೈದು ಸಾವಿರ. ಈ ಇಡೀ ಕೆಲಸದಲ್ಲಿ ಇಷ್ಟು ಲಾಭ ಕೊಟ್ಟ ಖರ್ಚು ಮತ್ತೊಂದಿಲ್ಲ. ಆರು ಶಾಖೆಯಲ್ಲಿ ಲೈನ್ ಬದಲಾಯಿಸಿದೆ.

ಆ ಸುತ್ತಾಟದಲ್ಲಿ ಇನ್ನೊಂದು ಗೊತ್ತಾಯಿತು. ಕರೆಂಟ್ ಹೋದಾಗ ನಮ್ಮ ಬಾಕ್ಸ್ ಮತ್ತು ಓಎನ್‌ಟಿ (ಫೈಬರ್ ಮೋಡೆಮ್) ಯುಪಿಎಸ್ ಮೇಲೆ ಓಡುತ್ತಿರುತ್ತವೆ. ಬೀದಿಯಲ್ಲಿರುವ ಫೈಬರ್ ಬಾಕ್ಸಿನ ಬ್ಯಾಟರಿ ಮೂರು ನಾಲ್ಕು ಗಂಟೆಗೆ ಸಾಯುತ್ತದೆ. ಟವರ್ ಇನ್ನಷ್ಟು ಹೊತ್ತು ಇರುತ್ತದೆ. ಒಂದು ನೆಲದ ಲೈನ್, ಒಂದು ಗಾಳಿಯ ಲೈನ್ ಇರಲೇಬೇಕು ಎಂದು ನಾನು ಹಟ ಹಿಡಿದಿದ್ದು ಇದಕ್ಕೆ.

ಮೂರನೆಯದು ಲೈನ್ ಬದಲಾಯಿಸುವ ಲೆಕ್ಕ. ಲೈನ್ ಪೂರ್ತಿ ಸತ್ತರೆ ಬದಲಾಯಿಸುವುದು ಸುಲಭ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ನಮ್ಮ ಕಡೆ ಲೈನ್ ಸಾಯುವುದು ಕಡಿಮೆ, ಕಾಯಿಲೆ ಬೀಳುವುದು ಜಾಸ್ತಿ. ಕೀಲು ನೆನೆದ ಫೈಬರ್ ನೂರಕ್ಕೆ ಎಂಟು ಹತ್ತು ಪ್ಯಾಕೆಟ್ ನುಂಗುತ್ತಾ ಜೀವಂತ ಇದ್ದಂತೆ ತೋರಿಸುತ್ತದೆ. ಪಿಂಗ್ ನಷ್ಟ ನೋಡಿ ಬದಲಾಯಿಸಲು ಬಾಕ್ಸಿಗೆ ಹೇಳಿದರೆ ಅದು ಇಪ್ಪತ್ತು ಸೆಕೆಂಡಿಗೊಮ್ಮೆ ಆಚೆ ಈಚೆ ಹಾರತೊಡಗಿತು. ಫೋನ್‌ನಲ್ಲಿ ಮಾತಾಡುತ್ತಿದ್ದವರಿಗೆ ಹಿಂಸೆ. ಬೇಗ ಬಿಡಬೇಕು, ನಿಧಾನ ವಾಪಸ್ ಬರಬೇಕು, ಇಷ್ಟು ಹೇಳುತ್ತೇನೆ. ಎಷ್ಟು ಬೇಗ, ಎಷ್ಟು ನಿಧಾನ, ಯಾವ ಹೊತ್ತಿಗೆ ಯಾವ ಅಂಕಿ ಎಂಬುದು ಎರಡು ಮಳೆಗಾಲದ ಲಾಗ್ ಓದಿ ಮಾಡಿದ ಪಟ್ಟಿ. ಅದು ನನ್ನ ಹತ್ತಿರವೇ ಇರಲಿ.

ಯಾವ ಕೆಲಸಕ್ಕೆ ಯಾವ ಲೈನ್ ಎಂದು ಬೇರೆ ಮಾಡಿದ ಮೇಲೆ ಸಿಬ್ಬಂದಿಗೆ ನಿಜವಾದ ವ್ಯತ್ಯಾಸ ಕಂಡಿತು. ಬ್ಯಾಂಕ್ ಸಾಫ್ಟ್‌ವೇರ್‌ಗೆ ಮೊದಲ ಜಾಗ. ವಿಂಡೋಸ್ ಅಪ್‌ಡೇಟ್ ಬೆಳಿಗ್ಗೆ ಹತ್ತಕ್ಕೆ ಬರುತ್ತಿತ್ತು, ರಾತ್ರಿಗೆ ತಳ್ಳಿದೆ. ಸಿಸಿಟಿವಿ ಫೈಬರ್ ಇದ್ದರೆ ಮಾತ್ರ, 4ಜಿ ಮೇಲೆ ಪೂರ್ತಿ ಬಂದ್. ವಾಟ್ಸ್‌ಆ್ಯಪ್, ಇಮೇಲ್ ಶಾಖೆಯಿಂದ ನೇರ ಹೊರಗೆ ಹೋಗುತ್ತವೆ, ಸಾಗರಕ್ಕೆ ಬಂದು ಸುತ್ತುವುದಿಲ್ಲ. ಫೋನ್ ಕರೆಯನ್ನು ಎರಡೂ ಲೈನ್ ಮೇಲೆ ಒಟ್ಟಿಗೆ ಕಳಿಸುತ್ತೇನೆ, ಮೊದಲು ತಲುಪಿದ ಪ್ಯಾಕೆಟನ್ನು ಆಚೆಯ ಬಾಕ್ಸ್ ಇಟ್ಟುಕೊಳ್ಳುತ್ತದೆ. ಜಿ.711ರಲ್ಲಿ (ಧ್ವನಿಯನ್ನು ಡಿಜಿಟಲ್ ಮಾಡುವ ಒಂದು ಪದ್ಧತಿ) ಟನಲ್ ಹೊರೆ ಬಿಟ್ಟು ಒಂದು ಕರೆಗೆ 90 ಕೆಬಿಪಿಎಸ್ ಒಳಗೇ ಬೇಕು. ಎರಡರಷ್ಟಾದರೂ ನಷ್ಟವಿಲ್ಲ. ಅದಾದ ಮೇಲೆ "ಹಲೋ, ಕೇಳ್ತಾ ಇದೆಯಾ" ಎನ್ನುವುದು ನಿಂತಿತು.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ. ಎರಡು ಲೈನ್ ಸೇರಿಸಿ ಒಂದೇ ದೊಡ್ಡ ಲೈನ್ ಮಾಡಲು ಸುಮಾರು 30,000ದ ಒಂದು ಬಾಕ್ಸ್ ತರಿಸಿದೆ. ಪ್ಯಾಕೆಟ್ ಹೋಗಿ ಬರಲು ಫೈಬರ್‌ಗೆ 8–10 ಮಿಲಿಸೆಕೆಂಡ್, 4ಜಿಗೆ 60. ಪ್ಯಾಕೆಟ್ ಹಿಂದೆ ಮುಂದೆ ಬಂದು ಬರೀ ಫೈಬರ್‌ಗಿಂತ ನಿಧಾನವಾಯಿತು. ಆ ಬಾಕ್ಸ್ ಈಗಲೂ ಕಪಾಟಿನಲ್ಲಿದೆ. ಹೊಸನಗರದ ಹತ್ತಿರ ನೀರಿನ ಟ್ಯಾಂಕಿನ ಮೇಲೆ ಜಿಐ ಪೈಪ್ ನಿಲ್ಲಿಸಿ ಯಾಗಿ ಆಂಟೆನಾ ಕಟ್ಟಿದೆ. ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ) ಮೈನಸ್ 112ರಿಂದ ಮೈನಸ್ 98ಕ್ಕೆ ಏರಿತು. ವೇಗ ಮಾತ್ರ ಏರಲಿಲ್ಲ, ಟವರ್‌ನಲ್ಲೇ ಜನ ಜಾಸ್ತಿ. ಆಮೇಲೆ ಮಂಗಗಳು ಅದನ್ನು ಬಗ್ಗಿಸಿದವು. ಇನ್ನೊಂದು ಕಂಪನಿಯ ಸಿಮ್ ಹಾಕಿ ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟು ಎಂಬ ಅಳತೆ) ನೋಡಿದ್ದರೆ ಆ 9,000 ಉಳಿಯುತ್ತಿತ್ತು.

ಇನ್ನೊಂದು ತಪ್ಪು. ಸಾಫ್ಟ್‌ವೇರ್ ಸರ್ವರ್ ಇರುವುದು ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ. ನಾನು ಮೊದಲು ಎಲ್ಲ ಟನಲ್ ಸಾಗರಕ್ಕೆ ತಂದೆ. ಸಾಗರದ ಲೈನ್ ಒಂದು ಗಂಟೆ ಹೋದಾಗ 19 ಶಾಖೆಯೂ ನಿಂತವು. ಈಗ ಬೆಂಗಳೂರಿನಲ್ಲೇ ಒಂದು ಹಬ್ (ಟನಲ್‌ಗಳು ಬಂದು ಸೇರುವ ಜಾಗ), ಸಾಗರದಲ್ಲಿ ಇನ್ನೊಂದು. ಶಾಖೆ ಎರಡಕ್ಕೂ ಕಟ್ಟಿಕೊಂಡಿರುತ್ತದೆ. ಆಡಿಟರ್ ಕೇಳಿದ್ದು ಎರಡು: ಯಾವ ಶಾಖೆಯಿಂದ ಏನು ಹೊರಗೆ ಹೋಗುತ್ತದೆ ಎಂಬ ಲಾಗ್, ಟನಲ್‌ನ ಗುಪ್ತ ಕೀ ಯಾರ ಕೈಯಲ್ಲಿದೆ ಎಂಬ ಪಟ್ಟಿ. ಎರಡನ್ನೂ ಅಲ್ಲೇ ತೆಗೆದು ತೋರಿಸಿದೆ. ಮುಂದೆ ಅವರು ಪ್ರಶ್ನೆ ಕೇಳಲಿಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೂರು ಹೆಚ್ಚುವರಿ ಸೇರಿ 22 ಬಾಕ್ಸ್, ಒಂದಕ್ಕೆ 9,500ದಂತೆ 2 ಲಕ್ಷದ ಮೇಲೆ. ಎರಡು ಹಬ್‌ಗೆ 1.3 ಲಕ್ಷ. ಚಿಕ್ಕ ಯುಪಿಎಸ್, ವೈರಿಂಗ್ 45,000. ಹಳೆಯ ಲೈನ್‌ಗಳ ಒಪ್ಪಂದ ಮಧ್ಯೆ ಮುರಿದದ್ದಕ್ಕೆ ದಂಡ 1.4 ಲಕ್ಷ, ಇದನ್ನು ಮೊದಲೇ ಓದಿಕೊಳ್ಳಿ. ನನ್ನ ಸೋತ ಪ್ರಯೋಗಗಳು 70,000. ಒಟ್ಟು 6 ಲಕ್ಷದ ಹತ್ತಿರ. ತಿಂಗಳ ಖರ್ಚು ಈಗ 60–65 ಸಾವಿರಕ್ಕೆ ಇಳಿದಿದೆ. ಹಾಕಿದ ದುಡ್ಡು ಐದು ತಿಂಗಳೊಳಗೆ ವಾಪಸ್ ಬಂತು. ಹೊಸ ಶಾಖೆ ತೆರೆದರೆ ಮೊದಲು ಲೈನ್‌ಗೆ ಒಂದೂವರೆ ತಿಂಗಳು ಕಾಯುತ್ತಿದ್ದೆವು. ಈಚೆಗೆ ಒಂದು ಶಾಖೆ ಸ್ಥಳ ಬದಲಾಯಿಸಿದಾಗ 4ಜಿ ಮೇಲೆ ಅದೇ ಮಧ್ಯಾಹ್ನ ಕೌಂಟರ್ ಶುರು ಮಾಡಿದೆ. ಫೈಬರ್ ಹತ್ತು ದಿನದ ಮೇಲೆ ಬಂತು. ಮೀಟಿಂಗ್‌ನಲ್ಲಿ ಪ್ರಶ್ನೆ ಕೇಳಿದ್ದ ಅದೇ ನಿರ್ದೇಶಕರು ಈಗ ತಮ್ಮ ವ್ಯಾಪಾರದ ಮಂಡಿಗೂ ಮಾಡಿಕೊಡಿ ಎನ್ನುತ್ತಿದ್ದಾರೆ.

ಎಂಪಿಎಲ್‌ಎಸ್ ಒಂದು ಶಾಖೆಯಲ್ಲಿ ಇನ್ನೂ ಇದೆ. ಆಗುಂಬೆ ದಾರಿಯ ತಗ್ಗಿನಲ್ಲಿರುವ ಶಾಖೆ ಅದು. ಅಲ್ಲಿ ಯಾವ ಸಿಮ್ ಕೂಡ ನಿಲ್ಲುವುದಿಲ್ಲ. ವಿಸ್ಯಾಟ್ (ಉಪಗ್ರಹದ ಲೈನ್) ಪರೀಕ್ಷಿಸಿ ನೋಡಿದೆ, ಹೋಗಿ ಬರಲು 600 ಮಿಲಿಸೆಕೆಂಡ್, ಜೋರು ಮಳೆಗೆ ಸಿಗ್ನಲ್ಲೇ ಇಲ್ಲ. ಫೈಬರ್ ಜೊತೆ ಹಳೆಯ ಲೈನನ್ನೇ ಎರಡನೇ ಕಾಲಾಗಿ ಅದೇ ಬಾಕ್ಸಿಗೆ ಸಿಕ್ಕಿಸಿದ್ದೇನೆ. ತಗ್ಗಿನ ಆಚೆ ಗುಡ್ಡದ ಮೇಲೆ ಒಬ್ಬ ಸದಸ್ಯರ ಮನೆ ಇದೆ. ಅಲ್ಲಿ ಸಿಗ್ನಲ್ ಚೆನ್ನಾಗಿದೆ, ಅವರ ಅಂಗಳದಿಂದ ಶಾಖೆಯ ಹೆಂಚು ಕಾಣುತ್ತದೆ. ದೀಪಾವಳಿ ಕಳೆದ ಮೇಲೆ ಎರಡು ಕಡೆ ಎದುರುಬದುರು ನಿಲ್ಲಿಸಿ ಲೈನ್ ದಾಟಿಸುವ ಒಂದು ಜೊತೆ 5 ಗಿಗಾಹರ್ಟ್ಸ್ ರೇಡಿಯೊ ಹಿಡಿದು ಅಲ್ಲಿಗೆ ಹೋಗುತ್ತಿದ್ದೇನೆ.