ಸ್ಟೀರಿಂಗ್ ಸಡಿಲವಾಗಿದೆಯಾ? ಸ್ಕ್ರೂ ಮುಟ್ಟುವ ಮುಂಚೆ ಇದನ್ನು ನೋಡಿ

ಹಳೆಯ ಕಾರು, ಜೀಪುಗಳಲ್ಲಿ ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಟೈರು ಅಲ್ಲಾಡುವುದಿಲ್ಲ. ನೇರ ರಸ್ತೆಯಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇರಬೇಕು. ಹೀಗಾದಾಗ ಸ್ಟೀರಿಂಗ್ ಬಾಕ್ಸ್ (ಸ್ಟೀರಿಂಗ್ ತಿರುವನ್ನು ಚಕ್ರಗಳತ್ತ ಸಾಗಿಸುವ ಹಲ್ಲುಚಕ್ರದ ಪೆಟ್ಟಿಗೆ) ಮೇಲಿನ ಸ್ಕ್ರೂ ಬಿಗಿದುಬಿಡೋಣ ಅಂತ ಹೊರಡುವವರೇ ಜಾಸ್ತಿ. ಆ ಸ್ಕ್ರೂ ಸರದಿ ಬರುವುದು ಕೊನೆಗೆ. ತೊಂದರೆ ಹೆಚ್ಚಾಗಿ ಇರುವುದು ಕೆಳಗಿನ ಜಾಯಿಂಟುಗಳಲ್ಲಿ.

ಮೊದಲು ಪ್ಲೇ (ಟೈರು ಕದಲದೆ ಸ್ಟೀರಿಂಗ್ ಸುಮ್ನೆ ತಿರುಗುವ ಸಡಿಲ) ಎಷ್ಟಿದೆ ಅಂತ ಅಳೆಯಿರಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ, ಚಕ್ರ ನೇರ ಇರುವಂತೆ ನಿಲ್ಲಿಸಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಟೈರು ಕದಲುವ ತನಕ ಸ್ಟೀರಿಂಗನ್ನು ಮೆಲ್ಲಗೆ ಎರಡೂ ಕಡೆ ತಿರುಗಿಸಿ, ಅದರ ಅಂಚು ಎಷ್ಟು ಸರಿಯಿತು ನೋಡಿ. ಹಲವು ಕಾರುಗಳಲ್ಲಿ 30 ಮಿ.ಮೀ.ವರೆಗೆ ನಡೆಯುತ್ತದೆ. ನಿಮ್ಮ ಗಾಡಿಯ ಮಿತಿಯನ್ನು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಟೈರಿನ ಗಾಳಿಯನ್ನೂ ಇದೇ ಹೊತ್ತಿಗೆ ನೋಡಿಬಿಡಿ. ಗಾಳಿ ಕಮ್ಮಿಯಿದ್ದರೂ ಗಾಡಿ ತೇಲಿದಂತೆ ಅನ್ನಿಸುತ್ತದೆ.

ಮುಂದಿನ ಕೆಲಸಕ್ಕೆ ಇನ್ನೊಬ್ಬರು ಬೇಕು. ಎಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಇಡಿ. ಅವರು ಸ್ಟೀರಿಂಗನ್ನು ಸುಮ್ನೆ ಅತ್ತಿತ್ತ ಅಲ್ಲಾಡಿಸುತ್ತಿರಲಿ. ನೀವು ಮೇಲಿನಿಂದ ಕೆಳಕ್ಕೆ ಒಂದೊಂದೇ ಜೋಡಣೆ ಗಮನಿಸಿ: ಕಾಲಮ್‌ನ ರಬ್ಬರ್ ಕಪ್ಲಿಂಗ್, ಯೂನಿವರ್ಸಲ್ ಜಾಯಿಂಟ್, ಬಾಕ್ಸನ್ನು ಚಾಸಿಗೆ (ಗಾಡಿಯ ಕೆಳಚೌಕಟ್ಟಿಗೆ) ಹಿಡಿದ ಬೋಲ್ಟುಗಳು, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು), ಐಡ್ಲರ್ ಆರ್ಮ್ (ಎದುರು ಬದಿಯಲ್ಲಿ ಆಧಾರ ಕೊಡುವ ತೋಳು), ಟೈ ರಾಡ್ ಎಂಡ್‌ಗಳು (ಚಕ್ರ ತಿರುಗಿಸುವ ಸರಳಿನ ತುದಿಯ ಜಾಯಿಂಟುಗಳು). ಒಂದು ಭಾಗ ಚಲಿಸಿದಾಗ ಅದಕ್ಕೆ ತಾಗಿದ ಭಾಗ ತಡವಾಗಿ ಚಲಿಸಿದರೆ ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗೆ ಕಾಣದಿದ್ದರೆ ಜಾಯಿಂಟ್ ಮೇಲೆ ಬೆರಳಿಡಿ, ಕಟಕಟ ಅನ್ನುವುದು ಗೊತ್ತಾಗುತ್ತದೆ. ಎಷ್ಟೋ ಸಲ ಸಿಗುವುದು ಬಾಕ್ಸಿನ ಸಡಿಲ ಬೋಲ್ಟು ಮಾತ್ರ. ಬಿಗಿದರೆ ಕೆಲಸ ಮುಗಿಯಿತು.

ಆಮೇಲೆ ಮುಂಭಾಗ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಚಕ್ರವನ್ನು ಎಡಬಲದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲವಿದ್ದರೆ ಟೈ ರಾಡ್ ಕಡೆ ಅನುಮಾನ. ಮೇಲೆ ಕೆಳಗೆ ಹಿಡಿದಾಗ ಸಡಿಲವಿದ್ದರೆ ವೀಲ್ ಬೇರಿಂಗ್, ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಪಿನ್).

ಸವೆದ ಟೈ ರಾಡ್ ಎಂಡನ್ನು ಗ್ರೀಸ್ ತುಂಬಿ ಉಳಿಸಲಾಗದು, ಬದಲಾಯಿಸಲೇಬೇಕು. ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತೂತಿನಲ್ಲಿ ತೂರಿಸಿದ ಪಿನ್) ತೆಗೆದು ನಟ್ ಬಿಚ್ಚಿ. ಪುಲ್ಲರ್‌ನಿಂದ ಜಾಯಿಂಟ್ ಬಿಡಿಸಿ. ಹಳೆಯದನ್ನು ಎಷ್ಟು ಸುತ್ತು ತಿರುಗಿಸಿ ಬಿಚ್ಚಿದಿರಿ ಅಂತ ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಬಿಗಿದ ಮೇಲೆ ಪಿನ್ ತೂತು ಸರಿಹೊಂದದಿದ್ದರೆ ನಟ್ಟನ್ನು ಇನ್ನೊಂದಿಷ್ಟು ಬಿಗಿಯಿರಿ, ಯಾವತ್ತೂ ಹಿಂದಕ್ಕೆ ಸಡಿಲಿಸಬೇಡಿ. ಪಿನ್ ಹೊಸದೇ ಇರಲಿ. ಈ ಜಾಯಿಂಟ್ ಕಳಚಿದರೆ ಸ್ಟೀರಿಂಗ್ ಇದ್ದೂ ಇಲ್ಲದಂತೆ. ಇಲ್ಲಿ ಜಿಪುಣತನ ಬೇಡವೇ ಬೇಡ.

ಜಾಯಿಂಟುಗಳೆಲ್ಲ ಗಟ್ಟಿಯಿದ್ದು ಪ್ಲೇ ಇನ್ನೂ ಉಳಿದಿದ್ದರೆ ಮಾತ್ರ ಬಾಕ್ಸಿಗೆ ಕೈ ಹಾಕಿ. ಪವರ್ ಇಲ್ಲದ ಬಾಕ್ಸಾದರೆ ಆಯಿಲ್ ಮಟ್ಟ ಮೊದಲು ನೋಡಿ. ಮುಂದಿನ ಚಕ್ರಗಳು ಮೇಲೆದ್ದು, ನೇರವಾಗಿರಲಿ. ಒಳಗಿನ ಹಲ್ಲುಗಳು ಅತ್ಯಂತ ಒತ್ತಾಗಿ ಕೂರುವುದು ಈ ನಡುವಿನ ಜಾಗದಲ್ಲೇ. ಪೂರ್ತಿ ತಿರುಗಿಸಿಟ್ಟು ಅಲ್ಲಿನ ಸಡಿಲ ತೆಗೆದರೆ, ನಡುವಿಗೆ ಬಂದಾಗ ಹಿಡಿದುಕೊಳ್ಳುತ್ತದೆ. ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಸಡಿಲಿಸಿ. ಸ್ಕ್ರೂ ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗದಷ್ಟೇ ಬಿಗಿಯಿರಿ. ಪ್ರತಿ ಸಲ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಡುವೆ ಗಟ್ಟಿಯಾಗಿ ತಡೆದರೆ ಜಾಸ್ತಿ ಬಿಗಿದಿದೆ ಅಂತಲೇ ಅರ್ಥ, ಹಿಂದಕ್ಕೆ ಬಿಡಿ. ಕೊನೆಗೆ ಸ್ಕ್ರೂ ಹಿಡಿದುಕೊಂಡೇ ಲಾಕ್ ನಟ್ ಬಿಗಿಯಿರಿ. ರ‍್ಯಾಕ್ (ಬಾಕ್ಸಿನ ಬದಲು ಹಲ್ಲಿನ ಸರಳು) ಇರುವ ಕಾರಿಗೆ ಈ ವಿಧಾನ ಬೇರೆ, ಅದನ್ನು ಮೆಕ್ಯಾನಿಕ್‌ಗೇ ಬಿಡುವುದು ವಾಸಿ.

ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿ. ತಿರುವು ದಾಟಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳಬೇಕು. ಮರಳದಿದ್ದರೆ ಸ್ಕ್ರೂ ಮತ್ತೆ ಸ್ವಲ್ಪ ಸಡಿಲಿಸಿ. ಟೈ ರಾಡ್ ಎಂಡ್ ಬದಲಾಯಿಸಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಸುತ್ತು ಎಷ್ಟೇ ಸರಿಯಾಗಿ ಎಣಿಸಿದ್ದರೂ ಸಣ್ಣ ವ್ಯತ್ಯಾಸ ಉಳಿದಿರುತ್ತದೆ, ಟೈರು ಒಂದೇ ಕಡೆ ಸವೆಯುತ್ತದೆ.